ತುಂಗೆ–ಭದ್ರೆಯರ ನಡುವಿನ ಕಾಡುದಾರಿ

ವನ್ಯಜೀವಿಗಳನ್ನು ನೋಡಲೆಂದು ದೂರದ ದೇಶದಿಂದ ಒಂಟಿಯಾಗಿ ಬರುವ ಪ್ರವಾಸಿಗೆ ಕರ್ನಾಟಕವೆಂದರೆ ಬಹುಮಟ್ಟಿಗೆ ಬಂಡೀಪುರ, ನಾಗರಹೊಳೆಗಳೇ ಆಗಿದ್ದು, ತುಂಗೆಯ ದಡದ ಶಿವಮೊಗ್ಗಕ್ಕೂ ಭದ್ರೆಯ ದಡದ ಭದ್ರಾವತಿಗೂ ಸಲ್ಲಬೇಕಾದ ಗಮನ ಇನ್ನೂ ಸಂದಿಲ್ಲ. ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು ದೇಶದೊಳಗಿನ ಸಂಚಾರಕ್ಕೆ ಮೀಸಲಾದುದರಿಂದ ವಿದೇಶಿಯರು ಬೆಂಗಳೂರಿನ ಮೂಲಕವೇ ಬರುವುದು ವಾಡಿಕೆ. ವಿದೇಶಿ ಅತಿಥಿಯ ಪಾಸ್‌ಪೋರ್ಟ್, ವೀಸಾ ವಿವರಗಳನ್ನು ವಸತಿಗೃಹದವರು ಸರ್ಕಾರಕ್ಕೆ ಸಲ್ಲಿಸಲೇಬೇಕಾದ ಕಾರಣ ಆ ಕಾಗದಗಳು ಕೈಯಲ್ಲೇ ಇರತಕ್ಕದ್ದು.

ಶಿವಮೊಗ್ಗದಲ್ಲಿ ಮೊದಲು ಎದುರಾಗುವುದು ಮನುಷ್ಯರೊಡನೆ ಪಳಗಿದ ಪ್ರಾಣಿ. ತ್ಯಾವರೆಕೊಪ್ಪದ ಹುಲಿ–ಸಿಂಹಧಾಮವನ್ನು ಬಿಟ್ಟರೂ ನಡೆದೀತು; ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ದೂರದಲ್ಲಿ, ಗಾಜನೂರು ಅಣೆಕಟ್ಟೆಯ ಹಿನ್ನೀರಿಗೆ ಅಂಟಿಕೊಂಡಿರುವ ಸಕ್ರೆಬೈಲು ಆನೆಬಿಡಾರವನ್ನು ಬಿಡುವಂತಿಲ್ಲ. ಬೆಳಗಿನ ಹೊತ್ತು ನೀರಿನಲ್ಲಿ ಮಗ್ಗುಲಾಗಿ ಮಲಗಿದ ಆನೆಯ ಕಿವಿಯ ಹಿಂಬದಿಯನ್ನು, ಕಾಲುಗುರುಗಳ ಸಂದುಗಳನ್ನು ಮಾವುತನೂ ಅವನ ಸಹಾಯಕನಾದ ಕಾವಾಡಿಯೂ ತಿಕ್ಕಿ ತೊಳೆಯುತ್ತಾರೆ. ಅದೇ ಆನೆಗಳನ್ನು ಸರಪಳಿ ಎಳೆದುಕೊಂಡು ಹೋಗುವಂತೆ ರಾತ್ರಿ ಕಾಡಿಗೆ ಬಿಟ್ಟು, ಮರುದಿನ ಜಾಡು ಹಿಡಿದು ಕರೆತರುವ ಪದ್ಧತಿಯಿದ್ದು, ಬಿಡಾರದ ಹೆಣ್ಣಾನೆಗಳು ಕಾಡಿನ ಸಲಗಗಳೊಡನೆ ಕೂಡುವುದೂ ಉಂಟಾದ್ದರಿಂದ, ಸಾಕಿದ್ದು ಮತ್ತು ಕಾಡಿನದು ಎಂಬ ಗೆರೆ ಇಲ್ಲಿ ನೋಡುಗರು ಎಣಿಸಿದಷ್ಟು ಗಟ್ಟಿಯಾಗಿಲ್ಲ.

ಭದ್ರಾವತಿಯನ್ನು ಕಾರ್ಖಾನೆಯ ಊರೆಂದು ದಾಟಿಹೋಗುವುದು ತಪ್ಪು. ಇಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಕಲ್ಲಿದ್ದಲಿನ ಬದಲು ಕಟ್ಟಿಗೆಯ ಇದ್ದಿಲನ್ನು ಉರಿಸಿ ಅದಿರು ಕರಗಿಸಿತು. ಆ ಇದ್ದಿಲಿಗೆ ಒದಗಿದ್ದು ಸುತ್ತಲ ಕಾಡಿನ ಮರವೇ. ಅಷ್ಟೆಲ್ಲ ಕಳೆದುಕೊಂಡ ಸೀಮೆಯಲ್ಲಿ ಉಳಿದುಬಂದ ಭದ್ರಾ ಅರಣ್ಯ 1974ರಲ್ಲಿ ಅಭಯಾರಣ್ಯವಾಗಿ, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಹುಲಿಗಳಿಗೆ ನೆಲೆ ಒದಗಲೆಂದು ಒಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಮನೆಮಠ ಬಿಟ್ಟು ಹೊರಬಂದವೆಂಬುದನ್ನು ಸಫಾರಿಗೆ ಹೋಗುವವರು ಮರೆಯಬಾರದು. ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯದ ನೀರು ಇಳಿದು ನಡುಗಡ್ಡೆಗಳು ತಲೆಯೆತ್ತುವ ಬೇಸಿಗೆಯ ತಿಂಗಳುಗಳಲ್ಲಿ, ಇಲ್ಲಿ ರಿವರ್ ಟರ್ನ್ ಎಂದೇ ಹೆಸರಾದ ನದಿ ರೀವ ಹಕ್ಕಿಗಳು ಬರಿ ನೆಲದ ತಗ್ಗುಗಳಲ್ಲೇ ಮೊಟ್ಟೆಯಿಡುತ್ತವೆ. ನೀರು ಅಕಾಲದಲ್ಲಿ ಏರಿದರೆ ಮೊಟ್ಟೆಗಳು ಮುಳುಗುತ್ತವೆ.

ಕಾಡಿನಲ್ಲಿ ನಡೆದಾಡುವವರಿಗೆ ಅದೇ ತಿಂಗಳುಗಳಲ್ಲಿ ಮಂಗನ ಕಾಯಿಲೆಯ ಭಯವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ, ಉಣ್ಣೆಗಳ ಕಡಿತದಿಂದ ಹರಡುವ ಈ ವೈರಸ್ ಜ್ವರ ಸೋಂಕು ತಗುಲಿದ 3ರಿಂದ 8 ದಿನಗಳಲ್ಲಿ ಕಾಣಿಸಿಕೊಳ್ಳುವುದರಿಂದ, ಅಷ್ಟರಲ್ಲಿ ತನ್ನ ದೇಶ ಸೇರಿದ ಒಂಟಿ ಪ್ರವಾಸಿಯು ಮಲೆನಾಡಿನ ಕಾಡಿನಲ್ಲಿ ಓಡಾಡಿದ್ದನ್ನು ಅಲ್ಲಿನ ವೈದ್ಯರಿಗೆ ತಾನಾಗಿಯೇ ಹೇಳಬೇಕಾಗುತ್ತದೆ.