ರೈಡರ್‌ಗೆ ಮೂವತ್ತೇಕೆ ಭಾರ?

ಪ್ರಶ್ನೆ: ಕಬಡ್ಡಿಯಲ್ಲಿ ಎಷ್ಟೋ ರೈಡರ್‌ಗಳು ಮೂವತ್ತು ದಾಟುವ ಮೊದಲೇ ಮಂಕಾಗುವುದೇಕೆ? (ಓದುಗರು, ಬಳಿಚಕ್ರ, ಯಾದಗಿರಿ ಜಿಲ್ಲೆ)

ಉತ್ತರ: ಪ್ರದೀಪ್ ನರ್ವಾಲ್ ಅವರನ್ನೇ ನೋಡಿ. 2017ರ ಪ್ರೊ ಕಬಡ್ಡಿಯಲ್ಲಿ 369 ರೈಡ್ ಪಾಯಿಂಟ್ ಗಳಿಸಿದವರು. 2024ರಲ್ಲಿ ಬೆಂಗಳೂರು ಬುಲ್ಸ್ 70 ಲಕ್ಷ ರೂಪಾಯಿಗೆ ಅವರನ್ನು ಕರೆತಂದಿತು. ತಂಡ ಕೊನೆಯ ಸ್ಥಾನಕ್ಕಿಳಿಯಿತು. ಮರುವರ್ಷದ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ. 28ಕ್ಕೇ ವಿದಾಯ ಹೇಳಿದರು. ಆಟದ ಬುದ್ಧಿ ಕುಂದಿತ್ತೆಂದು ನಾನು ಒಪ್ಪಲಾರೆ, ಕುಂದಿದ್ದು ಚಿಮ್ಮುವ ಕಸುವು.

ಅವರ ಹೆಸರಾಂತ ‘ಡುಬ್ಕಿ’ಯನ್ನು ಗಮನಿಸಿ. ಕೈಕೈ ಹಿಡಿದು ಸುತ್ತುಗಟ್ಟಿದವರ ತೋಳಿನಡಿ ಸೊಂಟ ಬಗ್ಗಿಸಿ ನುಸುಳಬೇಕು, ಬಗ್ಗಿದ ಮೊಣಕಾಲಿನಿಂದಲೇ ನಡುಗೆರೆಯತ್ತ ನೆಗೆಯಬೇಕು. ಇದು ಥಟ್ಟನೆ ಸಂಕುಚಿಸುವ ಸ್ನಾಯು ಎಳೆಗಳ ಕೆಲಸ. ವಯಸ್ಸಾದಂತೆ ಹೆಚ್ಚು ಸೊರಗುವುದು ಅವೇ. ಮೇಲಾಗಿ ಸಿಕ್ಕಿಬಿದ್ದಾಗಲೆಲ್ಲ ಕಾಲಿನ ಗಂಟಿಗೆ ಬಿಗಿಪಟ್ಟು, ಮೈಮೇಲೆ ಮೂರ್ನಾಲ್ಕು ಜನರ ಭಾರ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ನುಗ್ಗುವ ರನ್ನಿಂಗ್ ಬ್ಯಾಕ್‌ಗಳ ಪಾಡೂ ಇದೇ. 37ರವರೆಗೆ ಆಡಿದ ಫ್ರಾಂಕ್ ಗೋರ್ ಅಪರೂಪ.

ಡಿಫೆಂಡರ್‌ಗೆ ಕಾದು ಹಿಡಿಯುವ ಅವಕಾಶವಿದೆ, ಅನುಭವ ಅಲ್ಲಿ ಹೆಚ್ಚು ದಿನ ದುಡಿಯುತ್ತದೆ. ಕೋಚ್‌ಗಂತೂ ಅದೇ ಬಂಡವಾಳ: ಕರ್ನಾಟಕದ ಹಳೆಯ ಆಟಗಾರ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿಕೊಟ್ಟರು.