ಸೈಕಲ್ಲಿನ ಎಡತಿರುಪು

ತಿರುಪನ್ನು ಬಿಗಿಯಬೇಕಾದರೆ ಬಲಕ್ಕೆ ತಿರುಗಿಸಬೇಕು. ಸಡಿಲಿಸಬೇಕಾದರೆ ಎಡಕ್ಕೆ ತಿರುಗಿಸಬೇಕು. ಶೀಶೆಯ ಮುಚ್ಚಳ, ನೀರಿನ ನಲ್ಲಿ, ಬಾಗಿಲಿನ ತಿರುಪುಮೊಳೆ ಇವೆಲ್ಲವೂ ಈ ನಿಯಮಕ್ಕೆ ಒಳಪಟ್ಟಿವೆ. ಇದನ್ನು ಯಾರೂ ಕುಳ್ಳಿರಿಸಿಕೊಂಡು ಕಲಿಸುವುದಿಲ್ಲ. ಕೈ ತಾನಾಗಿಯೇ ಕಲಿತುಕೊಳ್ಳುತ್ತದೆ. ಆದರೆ ದಿನವೂ ಕಣ್ಣೆದುರಿಗೆ ಓಡಾಡುವ ಬೈಸಿಕಲ್ಲಿನಲ್ಲಿ ಈ ನಿಯಮವನ್ನು ಮೀರಿದ ಎರಡು ಸ್ಥಳಗಳುಂಟು. ಎಡಗಾಲಿನ ಪೆಡಲು ಒಂದು. ಚೌಕಟ್ಟಿನ ಬುಡದಲ್ಲಿ ಬಲಗಡೆ ಕುಳಿತಿರುವ ಬೇರಿಂಗಿನ ಬಟ್ಟಲು ಇನ್ನೊಂದು. ಬಹುಪಾಲು ಸೈಕಲ್ಲುಗಳಲ್ಲಿ ಇವೆರಡನ್ನೂ ಬಿಗಿಯಲು ಎಡಕ್ಕೇ ತಿರುಗಿಸಬೇಕು. ಇದನ್ನರಿಯದವನು ಆ ಬಟ್ಟಲನ್ನು ಬಿಚ್ಚಹೊರಟರೆ, ಬಿಚ್ಚುತ್ತಿರುವೆನೆಂದು ನಂಬಿ ಬಿಗಿಯುತ್ತಲೇ ಹೋಗುತ್ತಾನೆ. ಅದು ಕದಲದಿದ್ದಾಗ ಇನ್ನೂ ಉದ್ದವಾದ ಪಾನಾ ತರುತ್ತಾನೆ. ಕೊನೆಗೆ ತಿರುಪಿನ ಎಳೆಗಳು ಹರಿದುಹೋಗಿ ಚೌಕಟ್ಟೇ ಕೆಡುತ್ತದೆ. ಚಕ್ರ ಕೆಟ್ಟರೆ ಬದಲಾಯಿಸಬಹುದು, ಚೈನು ಸವೆದರೆ ಹೊಸದನ್ನು ಹಾಕಬಹುದು; ಚೌಕಟ್ಟು ಕೆಟ್ಟರೆ ಸೈಕಲ್ಲೇ ಹೋದಂತೆ. ಆದುದರಿಂದ ಈ ಎಡತಿರುಪಿನ ಮರ್ಮವನ್ನು ಅರಿಯುವುದು ಅವಶ್ಯಕ.

ಸೈಕಲ್ಲಿನ ಆಸನದಿಂದ ಇಳಿದು ಬರುವ ಕೊಳವೆಯೂ, ಮುಂಭಾಗದಿಂದ ಓರೆಯಾಗಿ ಇಳಿಯುವ ಕೊಳವೆಯೂ, ಹಿಂಚಕ್ರದ ಕಡೆಯಿಂದ ಬರುವ ಎರಡು ಸಣ್ಣ ಕೊಳವೆಗಳೂ ಕೆಳಗೆ ಒಂದೆಡೆ ಸೇರುತ್ತವೆ. ಅಲ್ಲಿ ಅಡ್ಡಲಾಗಿ ಒಂದು ಗಿಡ್ಡ ಕೊಳವೆಯಿದೆ. ಅದರೊಳಗೆ ಒಂದು ಅಚ್ಚು; ಅಚ್ಚಿನ ಎರಡು ತುದಿಗಳಿಗೆ ಎರಡು ಕ್ರ್ಯಾಂಕುಗಳು; ಅಚ್ಚು ಸರಾಗವಾಗಿ ಸುತ್ತಲೆಂದು ಎರಡು ಕಡೆಯೂ ಉಕ್ಕಿನ ಗುಂಡುಗಳನ್ನುಳ್ಳ ಬೇರಿಂಗುಗಳು. ಈ ಇಡೀ ಜೋಡಣೆಗೆ ಬಾಟಮ್ ಬ್ರಾಕೆಟ್ ಎಂದು ಹೆಸರು. ಬೇರಿಂಗನ್ನು ಹೊತ್ತು ಚೌಕಟ್ಟಿನೊಳಕ್ಕೆ ತಿರುಪಿನಿಂದ ಸೇರುವ ಬಟ್ಟಲನ್ನು ಮೆಕ್ಯಾನಿಕರು ಕಪ್ಪು ಎನ್ನುತ್ತಾರೆ. ಸವಾರನ ಕಾಲಿನ ಬಲವೆಲ್ಲವೂ ಚೈನನ್ನು ಮುಟ್ಟುವುದಕ್ಕೆ ಮೊದಲು ಈ ಸ್ಥಳವನ್ನು ಹಾಯ್ದೇ ಹೋಗಬೇಕು. ನಿಮಿಷಕ್ಕೆ ೯೦ ಸುತ್ತಿನಂತೆ ತುಳಿಯುವ ಸ್ಪರ್ಧಾಳುವಿನ ಅಚ್ಚು ಒಂದು ಗಂಟೆಯಲ್ಲಿ ೫,೪೦೦ ಬಾರಿ ಸುತ್ತುತ್ತದೆ. ಇಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಅದು ಗಂಟೆಗೆ ಸಾವಿರಾರು ಪೆಟ್ಟುಗಳಾಗಿ ಪರಿಣಮಿಸುತ್ತದೆ.

ಈ ಭಾಗವು ಸೈಕಲ್ಲಿನೊಡನೆ ಹುಟ್ಟಿದುದಲ್ಲ. ಆರಂಭದ ಪೆಡಲು ಗಾಡಿಗಳಲ್ಲಿ ಪೆಡಲುಗಳು ಮುಂಚಕ್ರದ ಅಚ್ಚಿಗೇ ನೇರವಾಗಿ ಜೋಡಣೆಯಾಗಿದ್ದವು. ಆದರೆ ಗುಂಡು ಬೇರಿಂಗು ಆ ಕಾಲದಲ್ಲಿಯೇ ಸೈಕಲ್ಲನ್ನು ಸೇರಿತು. ೧೮೬೯ರಲ್ಲಿ ಫ್ರಾನ್ಸಿನ ಜೂಲ್ ಸುರಿರೆ ಎಂಬಾತನು ಅದಕ್ಕೆ ಹಕ್ಕುಪತ್ರ ಪಡೆದನು. ಅದೇ ವರ್ಷದ ನವೆಂಬರಿನಲ್ಲಿ ಪ್ಯಾರಿಸ್ಸಿನಿಂದ ರೂಆನ್ ನಗರದವರೆಗೆ ನಡೆದ ರಸ್ತೆ ಪಂದ್ಯದಲ್ಲಿ ಗುಂಡು ಬೇರಿಂಗಿನ ಸೈಕಲ್ಲನ್ನು ಏರಿದ ಜೇಮ್ಸ್ ಮೂರ್ ಗೆದ್ದನು. ೧೮೮೫ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯು ರೋವರ್ ಎಂಬ ಸುರಕ್ಷಿತ ಸೈಕಲ್ಲನ್ನು ಹೊರತಂದನು. ಅದರಲ್ಲಿ ಪೆಡಲುಗಳು ಎರಡು ಚಕ್ರಗಳ ನಡುವೆ ಚೌಕಟ್ಟಿನ ಬುಡದಲ್ಲಿದ್ದವು. ಕಾಲಿನ ಬಲವು ಚೈನಿನ ಮೂಲಕ ಹಿಂಚಕ್ರವನ್ನು ಸೇರುತ್ತಿತ್ತು. ಇಂದಿನ ಸೈಕಲ್ಲುಗಳೆಲ್ಲವೂ ಆ ಮಾದರಿಯನ್ನೇ ಅನುಸರಿಸುತ್ತವೆ.

ಅಂದಿನಿಂದ ಇಂದಿನವರೆಗೆ ಬಾಟಮ್ ಬ್ರಾಕೆಟ್ಟು ಅನೇಕ ರೂಪಗಳನ್ನು ತಳೆದಿದೆ. ನಮ್ಮ ದೇಶದ ಸಾದಾ ಸೈಕಲ್ಲುಗಳಲ್ಲಿ ಗುಂಡುಗಳು ಬಿಡಿಯಾಗಿ ಬಟ್ಟಲಿನಲ್ಲಿ ಕುಳಿತಿರುವುದನ್ನು ಕಾಣಬಹುದು. ರಸ್ತೆ ಪಂದ್ಯದ ಆಧುನಿಕ ಸೈಕಲ್ಲುಗಳಲ್ಲಿ ಬೇರಿಂಗುಗಳು ಮುಚ್ಚಿದ ಬಟ್ಟಲುಗಳೊಳಗಿದ್ದು, ಚೌಕಟ್ಟಿನ ಕೊಳವೆಯ ಹೊರಮಗ್ಗುಲಿಗೆ ನಿಲ್ಲುತ್ತವೆ; ಅವುಗಳ ನಡುವೆ ೨೪ ಮಿಲಿಮೀಟರು ವ್ಯಾಸದ ಪೊಳ್ಳು ಅಚ್ಚು ಹಾಯ್ದುಹೋಗುತ್ತದೆ. ತಿರುಪಿಲ್ಲದೆ ಒತ್ತಿ ಕೂರಿಸುವ ಬಗೆಯೂ ಉಂಟು. ಆದರೆ ತಿರುಪಿನಿಂದ ಸೇರುವ ಬಗೆ ಇಂದಿಗೂ ಬಳಕೆಯಲ್ಲಿದೆ. ಎಡತಿರುಪಿನ ಪ್ರಶ್ನೆ ಏಳುವುದೂ ಅದರಲ್ಲಿಯೇ.

ಬಲಗಡೆಯ ಬಟ್ಟಲಿಗೆ ಎಡತಿರುಪು ಏಕೆ? ಸೈಕಲ್ಲಿನ ಬಲಗಡೆ ನಿಂತು ನೋಡಿದರೆ ಮುಂದಕ್ಕೆ ತುಳಿಯುವಾಗ ಕ್ರ್ಯಾಂಕು ಪ್ರದಕ್ಷಿಣವಾಗಿ, ಎಂದರೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಸುತ್ತುವ ಅಚ್ಚು ಬಟ್ಟಲನ್ನೂ ತನ್ನ ಜೊತೆಗೆ ಎಳೆದುಕೊಂಡು ಹೋಗಬೇಕೆಂದು ಯಾರಿಗಾದರೂ ತೋರುವುದು ಸಹಜ. ಹಾಗಿದ್ದರೆ ಅದು ಬಲಕ್ಕೆ ತಿರುಗಿ, ಸಾಮಾನ್ಯವಾದ ಬಲತಿರುಪು ಇನ್ನಷ್ಟು ಬಿಗಿಯಬೇಕಾಗಿತ್ತು. ಅನುಭವವು ಇದಕ್ಕೆ ತದ್ವಿರುದ್ಧ. ಬಲತಿರುಪಿನ ಬಟ್ಟಲನ್ನು ಬಲಗಡೆ ಕೂರಿಸಿದಾಗ, ಬಿಗಿ ಸಾಲದಿದ್ದರೆ ಅದು ಸವಾರಿಯಲ್ಲಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಒಳ್ಳೆಯ ಬೇರಿಂಗಿನಲ್ಲಿ ಘರ್ಷಣೆ ಅತ್ಯಲ್ಪ. ಅದರ ಎಳೆತಕ್ಕೆ ಬಟ್ಟಲು ಮಣಿಯುವುದಿಲ್ಲ. ಅದನ್ನು ಕದಲಿಸುವ ಕಾರಣ ಬೇರೆಯೇ ಇದೆ.

ಆ ಕಾರಣವನ್ನು ಎರಡು ಬಳೆಗಳಿಂದ ಕಂಡುಕೊಳ್ಳಬಹುದು. ಮೇಜಿನ ಮೇಲೆ ಒಂದು ದೊಡ್ಡ ಬಳೆಯನ್ನೂ ಅದರೊಳಗೆ ತುಸು ಚಿಕ್ಕದಾದ ಇನ್ನೊಂದು ಬಳೆಯನ್ನೂ ಇಟ್ಟು, ಚಿಕ್ಕ ಬಳೆಯ ಮೇಲೆ ಒಂದು ಗುರುತು ಮಾಡಬೇಕು. ದೊಡ್ಡ ಬಳೆ ಅಲುಗದಂತೆ ಹಿಡಿದು, ಚಿಕ್ಕ ಬಳೆಯನ್ನು ಅದರ ಒಳ ಅಂಚಿಗೆ ತಾಗಿಸಿ, ಜಾರದಂತೆ ಉರುಳಿಸುತ್ತ ಪ್ರದಕ್ಷಿಣವಾಗಿ ಒಂದು ಸುತ್ತು ತರಬೇಕು. ದೊಡ್ಡ ಬಳೆಯ ಒಳಸುತ್ತು ೨೦ ಸೆಂಟಿಮೀಟರು, ಚಿಕ್ಕದರ ಹೊರಸುತ್ತು ೧೯ ಸೆಂಟಿಮೀಟರು ಇದ್ದರೆ, ಸುತ್ತು ಮುಗಿಯುವ ವೇಳೆಗೆ ಆ ಗುರುತು ಒಂದು ಸೆಂಟಿಮೀಟರಿನಷ್ಟು ಅಪ್ರದಕ್ಷಿಣವಾಗಿ ಸರಿದಿರುತ್ತದೆ. ಬಳೆ ಸುತ್ತಿ ಬಂದುದು ಒಂದು ದಿಕ್ಕಿನಲ್ಲಿ. ತಾನು ತಿರುಗಿದುದು ಇನ್ನೊಂದು ದಿಕ್ಕಿನಲ್ಲಿ!

ಬಾಟಮ್ ಬ್ರಾಕೆಟ್ಟಿನಲ್ಲಿ ನಡೆಯುವುದೂ ಇದೇ. ಚೌಕಟ್ಟಿನ ಕೊಳವೆಯೇ ದೊಡ್ಡ ಬಳೆ. ಬಟ್ಟಲೇ ಚಿಕ್ಕ ಬಳೆ. ಇವುಗಳ ಎಳೆಗಳ ನಡುವೆ ಕಣ್ಣಿಗೆ ಕಾಣದಷ್ಟು ಅಂತರ ಇದ್ದೇ ಇರುತ್ತದೆ. ಬಲಗಾಲು ತುಳಿದಾಗ ಬಲಗಡೆಯ ಬಟ್ಟಲು ಕೆಳಕ್ಕೆ ಒತ್ತಲ್ಪಡುತ್ತದೆ. ಎಡಗಾಲು ತುಳಿದಾಗ ಮೇಲಕ್ಕೆ ಒತ್ತಲ್ಪಡುತ್ತದೆ. ಚೈನಿನ ಸೆಳೆತವೂ ಇದರೊಡನೆ ಸೇರುತ್ತದೆ. ಹೀಗೆ ಒತ್ತಡದ ದಿಕ್ಕು ಕ್ರ್ಯಾಂಕಿನೊಡನೆ ಸುತ್ತಿ ಸುತ್ತಿ ಬರುತ್ತದೆ. ಆಗ ಬಟ್ಟಲು ಚಿಕ್ಕ ಬಳೆಯಂತೆ ಕೂದಲೆಳೆ ಕೂದಲೆಳೆಯಾಗಿ ಹಿಮ್ಮುಖ ಸರಿಯುತ್ತದೆ. ಅದಕ್ಕೆ ಎಡತಿರುಪು ಇದ್ದರೆ ಈ ಸರಿತವೇ ಬಿಗಿತವಾಗುತ್ತದೆ. ಬಿಚ್ಚಬೇಕಾದ ಬಲವನ್ನೇ ಬಿಗಿಯುವ ಬಲವನ್ನಾಗಿ ಮಾಡಿಕೊಂಡ ಜಾಣ್ಮೆ ಇದು.

ಪೆಡಲಿನ ವಿಷಯದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಕಾಲಿನ ಒತ್ತಡ ಮುಖ್ಯವಾಗಿ ಕೆಳಮುಖವಾಗಿಯೇ ಇದ್ದು, ಕ್ರ್ಯಾಂಕು ಅದರ ಕೆಳಗೆ ಸುತ್ತುವುದರಿಂದ, ಕ್ರ್ಯಾಂಕಿನ ದೃಷ್ಟಿಯಿಂದ ಒತ್ತಡವೇ ಹಿಂದಕ್ಕೆ ಸುತ್ತಿದಂತಾಗುತ್ತದೆ. ಆದುದರಿಂದ ಬಲಗಡೆಯ ಪೆಡಲಿಗೆ ಬಲತಿರುಪು, ಎಡಗಡೆಯದಕ್ಕೆ ಎಡತಿರುಪು. ಮುಂದೆ ವಿಮಾನದಿಂದ ಜಗತ್ಪ್ರಸಿದ್ಧರಾದ ರೈಟ್ ಸಹೋದರರು ಅಮೆರಿಕದ ಡೇಟನ್ ನಗರದಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದರು. ೧೯೦೦ರಲ್ಲಿ ಅವರು, ತಮ್ಮ ಸೈಕಲ್ಲುಗಳ ಪೆಡಲು ಬಿಚ್ಚಿಕೊಳ್ಳದೆಂದು ಪ್ರಕಟಿಸಿದುದು ಈ ಎಡತಿರುಪಿನ ಬಲದಿಂದಲೇ.

ಇನ್ನು ಜೋಡಿಸುವ ಕ್ರಮ. ಮೊದಲ ಕೆಲಸ ಅಳತೆಯನ್ನು ಅರಿಯುವುದು. ಹೆಚ್ಚಾಗಿ ಬಳಕೆಯಲ್ಲಿರುವ ಇಂಗ್ಲಿಷ್ ಅಳತೆಯಲ್ಲಿ ಕೊಳವೆಯ ಅಗಲ ೬೮ ಮಿಲಿಮೀಟರು. ತಿರುಪಿನ ವ್ಯಾಸ ೧.೩೭ ಅಂಗುಲ, ಅಂಗುಲಕ್ಕೆ ೨೪ ಎಳೆಗಳು. ಇದನ್ನು ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿಯ ಹೆಸರಿನಿಂದ ಬಿ.ಎಸ್.ಎ. ಅಳತೆ ಎಂದೂ ಕರೆಯುವರು. ಇಟಲಿಯ ಅಳತೆಯಲ್ಲಿ ಅಗಲ ೭೦ ಮಿಲಿಮೀಟರು, ವ್ಯಾಸ ೩೬ ಮಿಲಿಮೀಟರು. ಅಲ್ಲಿ ಎರಡು ಬದಿಗೂ ಬಲತಿರುಪೇ. ಆದುದರಿಂದ ಅದರ ಬಲಬಟ್ಟಲನ್ನು ವಿಶೇಷವಾಗಿ ಬಿಗಿಯಬೇಕಾಗುತ್ತದೆ. ಒಂದು ಅಳತೆಯ ಬಟ್ಟಲು ಇನ್ನೊಂದಕ್ಕೆ ಹೊಂದದು. ಹೊಂದಿಸಲು ಒತ್ತಾಯಿಸಿದರೆ ಎಳೆಗಳು ನಾಶವಾಗುತ್ತವೆ.

ಎರಡನೆಯದು ಶುಚಿ. ರಸ್ತೆ ಸೈಕಲ್ ಪಟುಗಳಿಗೆ ಹೆಸರಾದ ವಿಜಯಪುರ, ಬಾಗಲಕೋಟೆಗಳ ಕಡೆ ಎರೆಮಣ್ಣಿನ ದೂಳು ಎಲ್ಲೆಲ್ಲಿಯೂ ನುಸುಳುತ್ತದೆ. ಗ್ರೀಸಿನಲ್ಲಿ ಬೆರೆತ ದೂಳು ಅರದಂತೆ ಲೋಹವನ್ನು ತೇಯುತ್ತದೆ. ಹಳೆಯ ಗ್ರೀಸನ್ನು ಬಟ್ಟೆಯಿಂದ ಒರೆಸಿ ತೆಗೆದು, ಎಳೆಗಳ ಸಂದುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಸ್ವಚ್ಛಗೊಳಿಸಬೇಕು. ಕೊಳವೆಯ ಎರಡು ಅಂಚುಗಳೂ ಸಮತಟ್ಟಾಗಿ, ಒಂದಕ್ಕೊಂದು ಸಮಾನಾಂತರವಾಗಿರಬೇಕು. ಅಂಚಿನ ಮೇಲೆ ಬಣ್ಣದ ಗಂಟುಗಳಿದ್ದರೆ ಬಟ್ಟಲುಗಳು ಓರೆಯಾಗಿ ಕುಳಿತು ಬೇರಿಂಗುಗಳು ಬೇಗನೆ ಸವೆಯುತ್ತವೆ. ಬಳಿಕ ಎಳೆಗಳಿಗೆ ತೆಳುವಾಗಿ ಗ್ರೀಸು ಹಚ್ಚಬೇಕು. ಅದು ತುಕ್ಕನ್ನು ತಡೆಯುವುದಲ್ಲದೆ, ಮುಂದೊಂದು ದಿನ ಬಟ್ಟಲನ್ನು ಬಿಚ್ಚುವುದನ್ನೂ ಸುಲಭಗೊಳಿಸುತ್ತದೆ.

ಮೂರನೆಯದೇ ಮುಖ್ಯವಾದುದು: ಮೊದಲು ಕೈ, ಆಮೇಲೆ ಪಾನಾ. ಬಟ್ಟಲುಗಳ ಮೇಲೆ ಬಲ ಯಾವುದು, ಎಡ ಯಾವುದು ಎಂಬ ಗುರುತಿರುತ್ತದೆ; ಬಿಗಿಯುವ ದಿಕ್ಕಿಗೆ ಬಾಣದ ಗುರುತೂ ಇರುವುದುಂಟು. ಇಂಗ್ಲಿಷ್ ಅಳತೆಯ ಬಟ್ಟಲುಗಳಿಗೆ ನೆನಪಿಡಲು ಸುಲಭವಾದ ಒಂದು ಸೂತ್ರವಿದೆ. ಯಾವ ಬದಿಯಲ್ಲಿಯೇ ಆಗಲಿ, ಬಟ್ಟಲಿನ ಮೇಲಂಚು ಹಿಂಚಕ್ರದ ಕಡೆಗೆ ತಿರುಗಿದರೆ ಬಿಗಿತ. ಮುಂಚಕ್ರದ ಕಡೆಗೆ ತಿರುಗಿದರೆ ಸಡಿಲ. ಬಟ್ಟಲನ್ನು ನೆಟ್ಟಗೆ ಹಿಡಿದು, ಮೊದಲು ಬಿಚ್ಚುವ ದಿಕ್ಕಿಗೇ ಮೆಲ್ಲನೆ ತಿರುಗಿಸಬೇಕು. ಎಳೆಯ ತುದಿಗೆ ಎಳೆಯ ತುದಿ ಕೂಡಿದಾಗ ಸಣ್ಣದೊಂದು ಟಿಕ್ಕೆಂಬ ಇಳಿತ ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಬಿಗಿಯುವ ದಿಕ್ಕಿಗೆ ತಿರುಗಿಸತಕ್ಕದ್ದು. ಮೂರು ನಾಲ್ಕು ಸುತ್ತುಗಳಾದರೂ ಬರಿಯ ಬೆರಳಿನಿಂದಲೇ ಒಳಸೇರಬೇಕು. ನಡುವೆ ಬಿಗಿ ಕಂಡರೆ ಎಳೆಯ ಮೇಲೆ ಎಳೆ ಹತ್ತಿದೆಯೆಂದು ಅರ್ಥ. ಆಗ ಬಲ ಹಾಕದೆ, ಹೊರತೆಗೆದು ಮತ್ತೆ ಮೊದಲಿನಿಂದ ಆರಂಭಿಸಬೇಕು. ಈ ಒಂದು ಗಳಿಗೆಯ ತಾಳ್ಮೆಯೇ ಚೌಕಟ್ಟನ್ನು ಉಳಿಸುವುದು.

ಬಟ್ಟಲು ಕೈಯಿಂದ ಪೂರ್ತಿಯಾಗಿ ಒಳಸೇರಿದ ಮೇಲೆ ಅದರ ಹಲ್ಲುಗಳಿಗೆ ಸರಿಹೊಂದುವ ಪಾನಾದಿಂದ ಬಿಗಿಯಬೇಕು. ಹೊರಮಗ್ಗುಲಿನ ಬಟ್ಟಲುಗಳಿಗೆ ಸಾಮಾನ್ಯವಾಗಿ ೩೫ರಿಂದ ೫೦ ನ್ಯೂಟನ್ ಮೀಟರು ಬಿಗಿತವನ್ನು ವಿಧಿಸಲಾಗಿದೆ. ೨೫ ಸೆಂಟಿಮೀಟರು ಉದ್ದದ ಪಾನಾದ ತುದಿಗೆ ೧೬ ಕಿಲೋಗ್ರಾಂ ತೂಗುಹಾಕಿದಂತೆ ಒತ್ತಿದರೆ ಸುಮಾರು ೪೦ ನ್ಯೂಟನ್ ಮೀಟರು ಆಗುತ್ತದೆ. ಎಡತಿರುಪು ಇದೆಯೆಂದು ಬಿಗಿತದಲ್ಲಿ ಉದಾಸೀನ ಸಲ್ಲದು. ಬಟ್ಟಲು ಕದಲದಂತೆ ಹಿಡಿಯುವುದು ಬಿಗಿತ. ಬಿಗಿತ ತಪ್ಪಿದಾಗ ಕಾಯುವುದು ತಿರುಪಿನ ದಿಕ್ಕು. ಎಡಬಟ್ಟಲಿಗೂ ಇದೇ ಕ್ರಮ.

ಅನಂತರ ಅಚ್ಚಿಗೆ ತೆಳುವಾಗಿ ಗ್ರೀಸು ಸವರಿ, ಬಲ ಕ್ರ್ಯಾಂಕಿನೊಡನೆ ಅದನ್ನು ಬಲಗಡೆಯಿಂದ ತೂರಿಸಬೇಕು. ಎಡತುದಿಗೆ ಎಡ ಕ್ರ್ಯಾಂಕನ್ನು ಬಲದ್ದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿ ಕೂರಿಸಬೇಕು. ತುದಿಯ ಮುಚ್ಚಳವನ್ನು ಬೆರಳ ಬಲದಷ್ಟೇ ಬಿಗಿಯಬೇಕು. ಅದರ ಕೆಲಸ ಅಡ್ಡಾಡುವ ಸಡಿಲವನ್ನು ನೀಗುವುದು ಮಾತ್ರ. ಇದನ್ನು ಅತಿಯಾಗಿ ಬಿಗಿದರೆ ಬೇರಿಂಗು ಹಿಂಡಿಹೋಗುತ್ತದೆ. ಆಮೇಲೆ ಕ್ರ್ಯಾಂಕಿನ ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ, ಸ್ವಲ್ಪ ಸ್ವಲ್ಪವಾಗಿ, ೧೨ರಿಂದ ೧೪ ನ್ಯೂಟನ್ ಮೀಟರಿನವರೆಗೆ ಬಿಗಿಯಬೇಕು.

ಕೊನೆಗೆ ಪರೀಕ್ಷೆ. ಚೈನನ್ನು ಪಕ್ಕಕ್ಕಿಟ್ಟು ಕ್ರ್ಯಾಂಕನ್ನು ಸುತ್ತಿಸಿದರೆ ಅದು ಎಲ್ಲಿಯೂ ತಡೆಯದೆ ಸುತ್ತಬೇಕು. ಕ್ರ್ಯಾಂಕನ್ನು ಹಿಡಿದು ಅತ್ತಿತ್ತ ಅಲುಗಿಸಿದರೆ ಕಟಕಟ ಎನ್ನಬಾರದು. ಕೆಲವು ದಿನಗಳ ಸವಾರಿಯ ಅನಂತರ ಬಿಗಿತವನ್ನು ಇನ್ನೊಮ್ಮೆ ನೋಡಬೇಕು. ತುಳಿದಾಗಲೆಲ್ಲ ಕಿರುಗುಟ್ಟುವ ಸದ್ದು ಕೇಳಿದರೆ ಅದನ್ನು ಎಚ್ಚರಿಕೆಯೆಂದು ತಿಳಿದು, ಬಿಚ್ಚಿ, ಶುಚಿಗೊಳಿಸಿ, ಮತ್ತೆ ಜೋಡಿಸಬೇಕು.

ಸರಿಯಾಗಿ ಕುಳಿತ ಬಾಟಮ್ ಬ್ರಾಕೆಟ್ಟು ತನ್ನ ಇರವನ್ನೇ ತೋರಗೊಡುವುದಿಲ್ಲ. ಏರಿನಲ್ಲಿ ಎದ್ದು ನಿಂತು ತುಳಿಯುವ ಸ್ಪರ್ಧಾಳುವಾಗಲಿ, ಹಾಲಿನ ಕ್ಯಾನುಗಳನ್ನು ಹೇರಿಕೊಂಡು ನಸುಕಿನಲ್ಲಿ ಹೊರಟವನಾಗಲಿ ಅದನ್ನು ನೆನೆಯುವುದಿಲ್ಲ. ನೆನೆಯದಿರುವುದೇ ಅದನ್ನು ಜೋಡಿಸಿದ ಕೈಗೆ ಸಲ್ಲುವ ಪ್ರಶಂಸೆ. ಕದಲದ ತಿರುಪಿನ ಮುಂದೆ ಇನ್ನಷ್ಟು ಬಲ ಹಾಕುವುದು ಸುಲಭ. ಕೈಯನ್ನು ತಡೆದು, ಇದು ಯಾವ ದಿಕ್ಕಿನ ತಿರುಪು ಎಂದು ಕೇಳಿಕೊಳ್ಳುವುದು ಕಷ್ಟ. ಹಾಗೆ ಕೇಳಿಕೊಂಡವನ ಕೈಯಲ್ಲಿ ಚೌಕಟ್ಟು ಉಳಿಯುತ್ತದೆ.