ಕಾಡಿಗೂ ಯೂರಿಯಾ ಹಾಕಿದರೆ?

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೇ ತರಗತಿಯಲ್ಲಿ ಸಾರಜನಕ ಚಕ್ರದ ಪಾಠ ನಡೆಯುತ್ತಿತ್ತು. ಸಸ್ಯಗಳ ಬೆಳವಣಿಗೆಗೆ ಸಾರಜನಕ ಅಗತ್ಯ ಎಂದು ಪ್ರಶಿಕ್ಷಣಾರ್ಥಿ ಹೇಳಿದ ಕೂಡಲೇ ಹಿಂದಿನ ಬೆಂಚಿನ ಹುಡುಗನೊಬ್ಬ, “ಹಾಗಾದ್ರೆ ಕಾಡಿಗೂ ಯೂರಿಯಾ ಹಾಕಿದ್ರೆ ಮರ ಬೇಗ ಬೆಳೀತಾವಲ್ಲ ಮಿಸ್?” ಎಂದು ಕೇಳಿದ. “ಹೌದು” ಎಂಬ ಉತ್ತರದೊಂದಿಗೆ ಪಾಠ ಮುಂದುವರಿಯಿತು. ವೀಕ್ಷಣಾ ಪುಸ್ತಕದಲ್ಲಿ ನಾನು ‘ಅರ್ಧ ಸರಿ’ ಎಂದು ಬರೆದೆ. ಉಳಿದರ್ಧ ಇಲ್ಲಿದೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹಾರ್ವರ್ಡ್ ಅರಣ್ಯದಲ್ಲಿ 1988ರಿಂದ ಇದನ್ನೇ ಪರೀಕ್ಷಿಸಿದ್ದಾರೆ. ಹೊಗೆಯಿಂದ ಗಾಳಿಗೆ ಸೇರಿದ ಸಾರಜನಕ ಮಳೆಯೊಡನೆ ಕಾಡಿಗೆ ಬೀಳುತ್ತಿದ್ದುದೇ ಇದಕ್ಕೆ ಕಾರಣ. ಕೆಂಪು ಪೈನ್ ನೆಡುತೋಪಿನಲ್ಲೂ ಅಗಲ ಎಲೆಯ ಮರಗಳ ಕಾಡಿನಲ್ಲೂ ತಾಕುಗಳನ್ನು ಗುರುತಿಸಿ, ವರ್ಷಕ್ಕೆ ಹೆಕ್ಟೇರಿಗೆ 50 ಮತ್ತು 150 ಕೆ.ಜಿ. ಸಾರಜನಕವನ್ನು ಅಮೋನಿಯಂ ನೈಟ್ರೇಟ್ ರೂಪದಲ್ಲಿ ಕೊಟ್ಟರು. 45 ಕೆ.ಜಿ. ಯೂರಿಯಾ ಚೀಲದ ಲೆಕ್ಕಕ್ಕೆ ತಂದರೆ ಎಕರೆಗೆ ಸುಮಾರು ಒಂದು ಚೀಲ, ಮೂರು ಚೀಲ. ಮಕ್ಕಳಿಗೆ ಹೀಗೆಯೇ ಹೇಳಿ, ತಟ್ಟನೆ ಹಿಡಿಯುತ್ತಾರೆ. ಅಗಲ ಎಲೆಯ ಕಾಡಿನಲ್ಲಿ ಬೆಳವಣಿಗೆ ಹೆಚ್ಚಿತು. ಹುಡುಗ ಹೇಳಿದ್ದು ಅಲ್ಲಿಗೆ ಸರಿ. ಆದರೆ ಪೈನ್ ಮರಗಳ ಎಲೆಯಲ್ಲಿ ಸಾರಜನಕ ಏರಿದರೂ ಬೆಳವಣಿಗೆ ಕುಗ್ಗಿತು. ಹೆಚ್ಚು ಪ್ರಮಾಣ ಕೊಟ್ಟ ತಾಕಿನಲ್ಲಿ ವರ್ಷಗಳು ಕಳೆದಂತೆ ಬಹಳಷ್ಟು ಮರಗಳು ಸತ್ತವು.

ಏಕೆ? ಉತ್ತರದ ಬಹುಭಾಗ ಮಣ್ಣಿನಲ್ಲಿದೆ. ಜೇಡಿ ಮತ್ತು ಹ್ಯೂಮಸ್ ಕಣಗಳ ಮೇಲ್ಮೈಯಲ್ಲಿ ಋಣ ಆವೇಶವಿರುವುದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಅಯಾನುಗಳು ಅಲ್ಲಿ ಅಂಟಿಕೊಂಡಿರುತ್ತವೆ. ಬೇರು ಅಮೋನಿಯಂ ಅಯಾನನ್ನು ಹೀರುವಾಗ ಬದಲಿಗೆ ಹೈಡ್ರೋಜನ್ ಅಯಾನನ್ನು ಹೊರಬಿಡುತ್ತದೆ. ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಆಗಿಸುವಾಗಲೂ ಹೈಡ್ರೋಜನ್ ಅಯಾನು ಬಿಡುಗಡೆಯಾಗುತ್ತದೆ. ಇವು ಬಂದು ಕ್ಯಾಲ್ಸಿಯಂ ಕುಳಿತ ಜಾಗವನ್ನು ಹಿಡಿಯುತ್ತವೆ. ನೈಟ್ರೇಟ್ ಋಣ ಅಯಾನಾದ್ದರಿಂದ ಕಣಗಳಿಗೆ ಅಂಟದೆ ಮಳೆನೀರಿನೊಡನೆ ಇಳಿದುಹೋಗುತ್ತದೆ; ಹೋಗುವಾಗ ಆವೇಶ ಸರಿದೂಗಿಸಲು ಎಬ್ಬಿಸಲ್ಪಟ್ಟ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಜೊತೆಗೆ ಕರೆದೊಯ್ಯುತ್ತದೆ. ಮಣ್ಣು ಇನ್ನಷ್ಟು ಆಮ್ಲೀಯವಾದಾಗ ಅಲ್ಯೂಮಿನಿಯಂ ಕರಗಿ ಹೊರಬಂದು, ಎಳೆಬೇರುಗಳಿಗೆ ಹಾನಿ ಮಾಡುತ್ತದೆ, ಕ್ಯಾಲ್ಸಿಯಂ ಹೀರಿಕೆಗೂ ಅಡ್ಡಬರುತ್ತದೆ. ಹೀಗೆ ಒಂದು ಪೋಷಕಾಂಶ ಹೇರಳವಾಗಿ, ಉಳಿದವು ಮರಕ್ಕೆ ಸಿಗದಂತಾಗುತ್ತವೆ.

ಶಿಲೀಂಧ್ರಗಳ ಪಾತ್ರವನ್ನು ನಮ್ಮ ಪಾಠ ಯೋಜನೆಗಳು ಸಾಮಾನ್ಯವಾಗಿ ಬಿಟ್ಟೇಬಿಡುತ್ತವೆ. ಪೈನ್, ಓಕ್‌ನಂಥ ಮರಗಳ ಎಳೆಬೇರಿಗೆ ಹೊದಿಕೆಯಂತೆ ಬೆಳೆಯುವ ಶಿಲೀಂಧ್ರಗಳು ರಂಜಕ, ಸಾರಜನಕ, ನೀರನ್ನು ತಂದುಕೊಡುತ್ತವೆ. ಪ್ರತಿಯಾಗಿ ಮರ ಸಕ್ಕರೆ ಕೊಡುತ್ತದೆ. ಸಾರಜನಕ ಸುಲಭವಾಗಿ ಸಿಕ್ಕಿದಾಗ ಮರ ಬೇರಿನತ್ತ ಕಳಿಸುವ ಸಕ್ಕರೆಯನ್ನು ಕಡಿಮೆ ಮಾಡುತ್ತದೆ. ಶಿಲೀಂಧ್ರಗಳಲ್ಲಿ ಹಲವು ಬಗೆಗಳು ಕ್ಷೀಣಿಸುತ್ತವೆ. ಬೆಳವಣಿಗೆಗೆ ರಂಜಕ ಹೆಚ್ಚು ಬೇಕಾದ ಹೊತ್ತಿಗೇ ಅದನ್ನು ತರುವವರು ಕಡಿಮೆಯಾಗಿರುತ್ತಾರೆ.

ಒಂದು ಎಚ್ಚರಿಕೆ: ಇದು ಸಮಶೀತೋಷ್ಣ ವಲಯದ ಕಾಡಿನ ಫಲಿತಾಂಶ. ಉಷ್ಣವಲಯದ ಅನೇಕ ಕಾಡುಗಳಲ್ಲಿ ಮೊದಲೇ ಕೊರತೆಯಿರುವುದು ಸಾರಜನಕಕ್ಕಲ್ಲ, ರಂಜಕಕ್ಕೆ. ಆದ್ದರಿಂದ ಮಲೆನಾಡಿನ ಕಾಡಿಗೆ ಈ ಅಂಕಿಗಳನ್ನು ಹಾಗೆಯೇ ಹೊಂದಿಸಿ ಹೇಳಬೇಡಿ.

ಮುಂದಿನ ವಾರ ಅದೇ ತರಗತಿಯಲ್ಲಿ ಪ್ರಶಿಕ್ಷಣಾರ್ಥಿ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡರು. ಆರು ಮಕ್ಕಳನ್ನು ಬೆಂಚಿನ ಮೇಲೆ ಕ್ಯಾಲ್ಸಿಯಂ ಎಂದು ಕೂರಿಸಿ, ಹೈಡ್ರೋಜನ್ ಆದವರಿಂದ ಎಬ್ಬಿಸಿ, ನೈಟ್ರೇಟ್ ಆದವರ ಕೈ ಹಿಡಿಸಿ ಬಾಗಿಲಾಚೆ ಕಳುಹಿಸಿದರು. ಬೇರಿನ ಪಾತ್ರಕ್ಕೆ ನಿಂತಿದ್ದ ಆ ಹುಡುಗ ಖಾಲಿ ಕೈ ತೋರಿಸಿ, “ನಂಗೇನೂ ಉಳೀಲಿಲ್ಲ ಮಿಸ್” ಎಂದ.